ಒಂದು ಕಥೆ, ಏಳುನೂರು ಓದುಗರು: ವಯಸ್ಕರ ಬರಹಕ್ಕೆ ಜಾಗ ಕೊಟ್ಟ ಬಳಗವೊಂದರ ಪ್ರಕರಣ

ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರಿ ತಮ್ಮ ಕಥೆ, ಕವಿತೆಗಳನ್ನು ಓದಿಕೊಳ್ಳುತ್ತಿದ್ದ ಬಳಗವೊಂದು 2020ರ ಲಾಕ್‌ಡೌನ್ ಹೊತ್ತಿನಲ್ಲಿ ಟೆಲಿಗ್ರಾಂಗೆ ಬಂತು. ಮಹಡಿಯಲ್ಲಿ ಇಪ್ಪತ್ತು ಜನ ಕೂತರೆ ಹೆಚ್ಚು. ಮೊಬೈಲಿನಲ್ಲಿ ಆ ಮಿತಿ ಇರಲಿಲ್ಲ. ಹೊಸಪೇಟೆಯವರು ಸೇರಿದರು, ಸಾಗರದವರು ಸೇರಿದರು, ದುಬೈಯಲ್ಲಿ ಕೆಲಸ ಮಾಡುವವರೂ ಬಂದರು. 2023ರ ಹೊತ್ತಿಗೆ ಸದಸ್ಯರು ಏಳುನೂರರ ಆಸುಪಾಸು ಇದ್ದರು. ಅಡ್ಮಿನ್‌ಗಳು ನಾಲ್ವರು: ನಿವೃತ್ತ ಕನ್ನಡ ಮೇಷ್ಟ್ರು, ವೈಟ್‌ಫೀಲ್ಡಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಪತ್ರಿಕೆಯೊಂದರ ಉಪಸಂಪಾದಕಿ, ಮತ್ತೆ ಕರಡು ತಿದ್ದುವ ಕೆಲಸದಲ್ಲಿರುವ ಒಬ್ಬ ಯುವಕ. ಯಾರಿಗೂ ಸಂಬಳವಿಲ್ಲ.

ನಾನು ಆ ಬಳಗದ ಸದಸ್ಯ, ಅಡ್ಮಿನ್ ಅಲ್ಲ. ಅಲ್ಲಿ ನಡೆದದ್ದನ್ನು ಸಂಬಂಧಪಟ್ಟವರೊಂದಿಗೆ ಮಾತನಾಡಿ, ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಆನ್‌ಲೈನ್ ಬಳಗಗಳಲ್ಲಿ ಲೈಂಗಿಕ ವಿಷಯಕ್ಕೆ ಜಾಗ ಇರಬೇಕೇ ಎಂಬ ಜಗಳ ಎಲ್ಲೆಲ್ಲೂ ಇದೆ. ಬೇಕು ಎನ್ನುವವರು ಸ್ವಾತಂತ್ರ್ಯದ ಮಾತನಾಡುತ್ತಾರೆ, ಬೇಡ ಎನ್ನುವವರು ಮರ್ಯಾದೆಯ ಮಾತನಾಡುತ್ತಾರೆ. ಆ ಜಾಗವನ್ನು ದಿನವೂ ಯಾರು ಕಾಯಬೇಕು ಎಂದು ಇಬ್ಬರೂ ಕೇಳುವುದಿಲ್ಲ. ಈ ಬಳಗಕ್ಕೆ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಆಗಲಿಲ್ಲ.

ಜಗಳ ಶುರುವಾದದ್ದು

ಜಗಳ ಶುರುವಾದದ್ದು ಗುಂಪಿಗೆ ಬಂದ ಒಂದು ಕಥೆಯಿಂದ. ಅದನ್ನು ಬರೆದವರು ಬ್ಯಾಂಕಿನಿಂದ ನಿವೃತ್ತರಾದ, ವಿಜಯನಗರದ ಒಬ್ಬ ಹೆಂಗಸು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಹೆಂಡತಿ, ಅವಳನ್ನು ಮುಟ್ಟಲು ಹೆದರುವ ಗಂಡ, ಆ ಹೆದರಿಕೆ ಕರಗುವ ಒಂದು ರಾತ್ರಿ. ಕೊನೆಯ ಎರಡು ಪುಟಗಳಲ್ಲಿ ಅವರಿಬ್ಬರ ಕೂಡುವಿಕೆಯ ವಿವರ ಮುಚ್ಚುಮರೆಯಿಲ್ಲದೆ ಇತ್ತು. ಹೊಲಿಗೆಯ ಗೆರೆ, ಮರಗಟ್ಟಿದ ಚರ್ಮ, ನೋವು, ಸುಖ, ಎಲ್ಲವನ್ನೂ ಅವರು ಅದರದರ ಹೆಸರಿನಿಂದಲೇ ಕರೆದಿದ್ದರು. ಆ ಎರಡು ಪುಟ ಇಲ್ಲದಿದ್ದರೆ ಕಥೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಂತೆ ಒಣಗಿಹೋಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ರಾತ್ರಿ ಒಂಬತ್ತರ ಸುಮಾರಿಗೆ ಕಥೆ ಬಂತು. ಮೊದಲ ಆಕ್ಷೇಪ ದಾಸರಹಳ್ಳಿಯ ಒಬ್ಬ ಶಿಕ್ಷಕರದು. "ಮೇಡಂ, ನಮ್ಮ ಮನೆಯಲ್ಲಿ ಮೊಬೈಲು ಮಕ್ಕಳ ಕೈಗೂ ಹೋಗುತ್ತದೆ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ" ಎಂದು ಬರೆದರು. "ಸರ್, ಕಥೆಯಲ್ಲಿ ಇರುವವರು ಗಂಡ ಹೆಂಡತಿ" ಎಂದು ಲೇಖಕಿ ಉತ್ತರಿಸಿದರು. ಆ ಉತ್ತರ ನನಗೆ ಇಂದಿಗೂ ಚುಚ್ಚುತ್ತದೆ. ಅಷ್ಟು ಚೆನ್ನಾಗಿ ಬರೆದವರು ತಮ್ಮ ಕಥೆಯನ್ನು ಉಳಿಸಿಕೊಳ್ಳಲು ತಾಳಿಯನ್ನು ಮುಂದೆ ಹಿಡಿಯಬೇಕಾಯಿತು.

ಬೆಳಗಾಗುವಷ್ಟರಲ್ಲಿ ಎರಡು ಪಕ್ಷಗಳಾಗಿದ್ದವು. ಕಥೆಯ ಪರ ನಿಂತವರು ಪರಂಪರೆಯನ್ನು ಕರೆತಂದರು. ಜನ್ನನ ಯಶೋಧರ ಚರಿತೆಯಲ್ಲಿ ರಾಜನನ್ನು ಬಿಟ್ಟು ಮಾವುತನನ್ನು ಬಯಸುವ ರಾಣಿ ಅಮೃತಮತಿಯನ್ನು ನಾವು ಪಠ್ಯವಾಗಿ ಓದಲಿಲ್ಲವೇ? ರತ್ನಾಕರವರ್ಣಿಯ ಭರತೇಶ ವೈಭವದಲ್ಲಿ ಭೋಗವಿಲ್ಲವೇ? ಕಲ್ಲರಸ ಕನ್ನಡದಲ್ಲಿ ಕಾಮಶಾಸ್ತ್ರವನ್ನೇ ಬರೆಯಲಿಲ್ಲವೇ? ಬೇಲೂರಿನ ಗೋಡೆಗಳೂ ಬಂದವು. ಇದೆಲ್ಲ ನಿಜ. ಆದರೆ ಈ ವಾದ ಅರ್ಧ ದಾರಿಗೆ ನಿಲ್ಲುತ್ತದೆ. ಜನ್ನನನ್ನು ಓದಬೇಕಾದರೆ ಓದುಗನೇ ಪುಸ್ತಕದ ಬಳಿಗೆ ಹೋಗಬೇಕು. ಗುಂಪಿನಲ್ಲಿ ಬಂದ ಕಥೆ ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಪಕ್ಕದಲ್ಲಿ ಯಾರೋ ಕೂತಿರುವಾಗ ಪರದೆಯ ಮೇಲೆ ತಾನಾಗಿ ಬಂದು ನಿಲ್ಲುತ್ತದೆ. ಶಿಕ್ಷಕರ ಆಕ್ಷೇಪದಲ್ಲಿ ಇದ್ದದ್ದು ಈ ಅಂಶ. ಅವರನ್ನು ಮಡಿವಂತರೆಂದು ಹಳಿದವರು ಅದನ್ನು ಗಮನಿಸಲೇ ಇಲ್ಲ.

ಪರಂಪರೆಯಿಂದ ಉದಾಹರಣೆ ಬೇಕೆಂದರೆ ನಾನು ಬೆಂಗಳೂರು ನಾಗರತ್ನಮ್ಮನವರ ಕಡೆ ತಿರುಗುತ್ತೇನೆ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಬೆಂಗಳೂರಿನ ಹೆಸರನ್ನು ಹೊತ್ತು ಮದರಾಸಿನಲ್ಲಿ ಹೆಸರಾದ ಗಾಯಕಿ ಆಕೆ. ಹದಿನೆಂಟನೆಯ ಶತಮಾನದ ತಂಜಾವೂರಿನ ಮುದ್ದುಪಳನಿ ಎಂಬ ಗಣಿಕೆ ತೆಲುಗಿನಲ್ಲಿ ಬರೆದ ರಾಧಿಕಾ ಸಾಂತ್ವನಮು ಕಾವ್ಯವನ್ನು 1910ರಲ್ಲಿ ಪರಿಷ್ಕರಿಸಿ ಅಚ್ಚು ಹಾಕಿಸಿದರು. ಅಶ್ಲೀಲವೆಂದು ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ನಿಷೇಧ ತೆರವಾದದ್ದು 1947ರಲ್ಲಿ, ಮದರಾಸು ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾಗಿದ್ದ ಪ್ರಕಾಶಂ ಪಂತುಲು ಅವರ ಕಾಲದಲ್ಲಿ. ಗಂಡಸರು ಬರೆದ ಶೃಂಗಾರ ಕಾವ್ಯಗಳಿಗೆ ಇಲ್ಲದ ತಕರಾರು ಹೆಂಗಸು ಬರೆದದ್ದಕ್ಕೆ ಏಕೆ ಎಂದು ನಾಗರತ್ನಮ್ಮನವರು ಆಗಲೇ ಕೇಳಿದ್ದರು. ನಮ್ಮ ಬಳಗದಲ್ಲೂ ಈ ಕಥೆ ಬರುವುದಕ್ಕೆ ಹಿಂದಿನ ವರ್ಷ ಒಬ್ಬ ಗಂಡಸು ಬರೆದ, ಇದಕ್ಕಿಂತ ಬಿಚ್ಚುಮಾತಿನ ಕಥೆಯೊಂದು ಬಂದಿತ್ತು. ಆಗ ಮೆಚ್ಚುಗೆಯ ಮಾತುಗಳಷ್ಟೇ ಬಂದಿದ್ದವು. ಉಪಸಂಪಾದಕಿ ಹಳೆಯ ಸಂದೇಶಗಳನ್ನು ಹುಡುಕಿ ತೆಗೆದು ತೋರಿಸಿದ ಮೇಲೆ ಮೇಷ್ಟ್ರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲವಂತೆ.

ಪೂರ್ತಿ ನಿಷೇಧದ ತಿಂಗಳುಗಳು

ಆದರೂ ಅಡ್ಮಿನ್‌ಗಳು ಸುಲಭದ ದಾರಿ ಹಿಡಿದರು. ಲೈಂಗಿಕ ವಿಷಯ ಯಾವ ರೂಪದಲ್ಲೂ ಬೇಡ ಎಂದು ಪ್ರಕಟಣೆ ಹಾಕಿ, ಕೆಲವು ಪದಗಳು ಬಂದರೆ ಸಂದೇಶವನ್ನು ತಾನಾಗಿಯೇ ಅಳಿಸುವ ಬಾಟ್ ಒಂದನ್ನು ಕೂರಿಸಿದರು. ಪಟ್ಟಿಯಲ್ಲಿ "ಕಾಮ" ಇತ್ತು. ಮೊದಲ ವಾರದಲ್ಲೇ ಮೆಟ್ರೋ ಕಾಮಗಾರಿಯ ಧೂಳಿನ ಬಗ್ಗೆ ಬರೆದ ಪ್ರಬಂಧ ಹೋಯಿತು. ಕಾಮನಬಿಲ್ಲು ಇದ್ದ ಮಕ್ಕಳ ಪದ್ಯ ಹೋಯಿತು. ಕಾಮಾಲೆಯ ಹಳ್ಳಿ ಮದ್ದಿನ ಬಗ್ಗೆ ಯಾರೋ ಕೇಳಿದ ಪ್ರಶ್ನೆ ಹೋಯಿತು. ಪದಗಳಿಗೆ ಪ್ರತ್ಯಯ ಅಂಟುವ, ಒಂದಕ್ಕೊಂದು ಸೇರಿ ಸಮಾಸವಾಗುವ ಭಾಷೆಯಲ್ಲಿ ಅಕ್ಷರ ಹೋಲಿಸುವ ಯಂತ್ರದಿಂದ ಬೇರೇನೂ ಆಗದು. ಪಟ್ಟಿಯನ್ನು ತಿದ್ದಿದರು, ಇನ್ನೊಂದು ಕಡೆ ಕೆಟ್ಟಿತು. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರು ಎದೆಹಾಲಿನ ಬಗ್ಗೆ ಬರೆಯುತ್ತಿದ್ದ ಅಂಕಣರೂಪದ ಬರಹಗಳನ್ನು ನಿಲ್ಲಿಸಿದರು. ಮುಟ್ಟು ನಿಲ್ಲುವ ವಯಸ್ಸಿನ ಬಗ್ಗೆ ನಡೆಯುತ್ತಿದ್ದ ಒಳ್ಳೆಯ ಚರ್ಚೆ ಬತ್ತಿಹೋಯಿತು. ಬಾಟ್ ಅಳಿಸದಿದ್ದರೂ, ಅಳಿಸಬಹುದೆಂಬ ಅಳುಕು ಜನರ ಕೈ ಹಿಡಿದಿತ್ತು.

ಎಂಜಿನಿಯರ್ ಅಡ್ಮಿನ್‌ಗೆ ಈ ದಾರಿ ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು. ಜನ ಬರಹ, ಚಿತ್ರಗಳನ್ನು ಹಂಚಿಕೊಳ್ಳುವ ಅಮೆರಿಕದ ಟಂಬ್ಲರ್ ತಾಣ 2018ರ ಡಿಸೆಂಬರ್ 17ರಿಂದ ವಯಸ್ಕರ ವಿಷಯವನ್ನು ನಿಷೇಧಿಸಿತು. ಅದಕ್ಕೂ ಮುನ್ನ ನವೆಂಬರಿನಲ್ಲಿ ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು ಸಿಕ್ಕ ಕಾರಣ ಅದರ ಆ್ಯಪ್ ಆ್ಯಪಲ್ ಅಂಗಡಿಯಿಂದ ಹೊರಬಿದ್ದಿತ್ತು. ನಿಷೇಧವನ್ನು ಜಾರಿಗೆ ತಂದ ಸಾಫ್ಟ್‌ವೇರ್ ನಿರುಪದ್ರವಿ ಚಿತ್ರಗಳನ್ನೂ ಅಶ್ಲೀಲವೆಂದು ಗುರುತಿಸಿತು. ಕಲಾವಿದರು ಮತ್ತು ಲೈಂಗಿಕ ಅಲ್ಪಸಂಖ್ಯಾತ ಬರಹಗಾರರು ಗುಂಪುಗುಂಪಾಗಿ ಬಿಟ್ಟುಹೋದರು. 2022ರ ನವೆಂಬರಿನಲ್ಲಿ ತಾಣ ನಗ್ನತೆಯನ್ನು ಮತ್ತೆ ಒಳಗೆ ಬಿಟ್ಟುಕೊಂಡಿತು, ಲೈಂಗಿಕ ಕ್ರಿಯೆಯ ಚಿತ್ರಣವನ್ನು ಮಾತ್ರ ಬಿಟ್ಟುಕೊಳ್ಳಲಿಲ್ಲ. ಮಕ್ಕಳ ಮೇಲಿನ ಅಪರಾಧಕ್ಕೂ ವಯಸ್ಕರು ವಯಸ್ಕರಿಗಾಗಿ ಬರೆದದ್ದಕ್ಕೂ ಒಂದೇ ಪೊರಕೆ ಹಿಡಿದದ್ದರ ಫಲ ಅದು.

ನಮ್ಮ ಬಳಗದಲ್ಲಿ ಇದಕ್ಕಿಂತ ಗಂಭೀರವಾದದ್ದು ಬೇರೊಂದು ಕಡೆ ನಡೆಯುತ್ತಿತ್ತು. ಕಥೆಯ ಗದ್ದಲದ ನಂತರ ಅದರ ಲೇಖಕಿಗೂ, ಅವರ ಪರ ಮಾತನಾಡಿದ ಇನ್ನಿಬ್ಬರು ಹೆಂಗಸರಿಗೂ ಖಾಸಗಿ ಸಂದೇಶಗಳು ಬರಲು ಶುರುವಾಗಿದ್ದವು. ಮೊದಲು "ನಿಮ್ಮ ಧೈರ್ಯ ಮೆಚ್ಚಿದೆ ಮೇಡಂ", ಆಮೇಲೆ ನಿಮ್ಮ ಸ್ವಂತ ಅನುಭವವೇ ಎಂಬ ವಿಚಾರಣೆ, ಆಮೇಲೆ ಫೋಟೋ. ಬಾಟ್ ನೋಡುವುದು ಗುಂಪಿನ ಸಂದೇಶಗಳನ್ನು ಮಾತ್ರ. ಖಾಸಗಿ ಸಂದೇಶ ಅದರ ಕಣ್ಣಿಗೆ ಬೀಳುವುದಿಲ್ಲ. ಮೂವರೂ ಯಾರಿಗೂ ಹೇಳಲಿಲ್ಲ. ಏಕೆಂದು ನಾನು ಲೇಖಕಿಯನ್ನು ಕೇಳಿದೆ. "ದೂರು ಕೊಟ್ಟರೆ, ನೀವು ಅಂಥದ್ದನ್ನು ಬರೆದದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ಈಗ ನಿಯಮವೇ ಹಾಗೆ ಹೇಳುತ್ತಿದೆಯಲ್ಲ" ಎಂದರು.

ಈ ಉತ್ತರವನ್ನು ನಾನು ಪ್ರಕರಣದ ತಿರುಳೆಂದು ಭಾವಿಸುತ್ತೇನೆ. ನಿಷೇಧ ಬಂದ ದಿನದಿಂದ ಬಳಗದ ಲೆಕ್ಕದಲ್ಲಿ ತಪ್ಪಿತಸ್ಥರು ಬರೆದವರು. ಫೋಟೋ ಕಳಿಸಿದವನು ಯಾವ ನಿಯಮವನ್ನೂ ಮುರಿದಿರಲಿಲ್ಲ, ಏಕೆಂದರೆ ಅವನ ಕೃತ್ಯದ ಬಗ್ಗೆ ನಿಯಮವೇ ಇರಲಿಲ್ಲ. ಮರ್ಯಾದೆ ಕಾಪಾಡಲು ಮಾಡಿದ ಏರ್ಪಾಡು ಮರ್ಯಾದೆಗೆಟ್ಟವನಿಗೆ ಮರೆಯಾಯಿತು.

ಕಾವಲಿಲ್ಲದ ಗುಂಪು

ನಿಷೇಧದಿಂದ ಸಿಟ್ಟಾದ ಕೆಲವು ಯುವಕರು ಬೇರೆ ಗುಂಪು ಕಟ್ಟಿದರು. ಹದಿನೆಂಟು ದಾಟಿದವರಿಗೆ ಮಾತ್ರ ಎಂದು ಹೆಸರಿನಲ್ಲೇ ಬರೆದರು, ಲಿಂಕ್ ಸಿಕ್ಕ ಯಾರು ಬೇಕಾದರೂ ಒಳಗೆ ಬರಬಹುದಿತ್ತು. ನಿಯಮವಿಲ್ಲದಿರುವುದೇ ಅವರ ಹೆಮ್ಮೆಯಾಗಿತ್ತು. ಮೊದಲ ದಿನಗಳಲ್ಲಿ ನಿಜವಾಗಿಯೂ ಕೆಲವು ಒಳ್ಳೆಯ ಕವಿತೆಗಳು ಬಂದವು. ತಿಂಗಳು ತುಂಬುವ ಮುನ್ನ ಬರಹ ಕಡಿಮೆಯಾಗಿ ಎಲ್ಲೆಲ್ಲಿಂದಲೋ ಬಂದ ವಿಡಿಯೋಗಳು ಹೆಚ್ಚಿದವು. ಕಟ್ಟಿದವರಲ್ಲಿ ಇಬ್ಬರು ಪರೀಕ್ಷೆ, ಕೆಲಸ ಎಂದು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಹೀಗಿರುವಾಗ ಒಬ್ಬ "ಕಥೆ" ಹಾಕಿದ. ಹೆಸರು ಬದಲಿಸಿದ್ದ. ಆದರೆ ಬಿಟಿಎಂ ಬಡಾವಣೆಯ ಪಿಜಿ, ಆಕೆ ಕೆಲಸ ಮಾಡುವ ಕಚೇರಿಯ ಬಸ್ಸು, ಕುತ್ತಿಗೆಯ ಮಚ್ಚೆ, ಎಲ್ಲವೂ ಹಾಗೆಯೇ ಇದ್ದವು. ಕೆಳಗೆ ಒಂದು ಫೋಟೋ ಇತ್ತು, ಮುಖ ಅರ್ಧ ಕಾಣುವಂತೆ. ಅವಳನ್ನು ಬಲ್ಲ ಸದಸ್ಯನೊಬ್ಬ ಗುರುತು ಹಿಡಿದು ಅವಳಿಗೆ ತಿಳಿಸಿದ. ಅದೇ ರಾತ್ರಿ ಇನ್ನೊಂದು ವಿಷಯವೂ ಹೊರಬಂತು: ಗುಂಪಿನಲ್ಲಿ ದ್ವಿತೀಯ ಪಿಯುಸಿಯ ಹುಡುಗನೊಬ್ಬ ವಾರಗಳಿಂದ ಇದ್ದ.

ಮೊದಲ ಬಳಗದಲ್ಲಿದ್ದ ಒಬ್ಬ ವಕೀಲೆ ಆ ಹುಡುಗಿಯ ಜೊತೆ ನಿಂತರು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಇ ಕಲಂ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದಕ್ಕೂ ಹರಡುವುದಕ್ಕೂ 3 ವರ್ಷದವರೆಗೆ ಸೆರೆ ಎನ್ನುತ್ತದೆ. 67 ಅಶ್ಲೀಲವಾದದ್ದನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಪ್ರಕಟಿಸುವುದರ ಬಗ್ಗೆ. ಮೊದಲ ಅಪರಾಧಕ್ಕೆ 3 ವರ್ಷ ಮತ್ತು 5 ಲಕ್ಷ ರೂಪಾಯಿ ದಂಡದವರೆಗೆ. 67ಎ ಲೈಂಗಿಕ ಕ್ರಿಯೆಯ ಬಗ್ಗೆ. 5 ವರ್ಷ, 10 ಲಕ್ಷದವರೆಗೆ. ಮಕ್ಕಳಿದ್ದರೆ 67ಬಿ. ಅದರಲ್ಲಿ ಹುಡುಕುವುದು, ಡೌನ್‌ಲೋಡ್ ಮಾಡುವುದು ಕೂಡ ಅಪರಾಧ. ಜನ ಹಾಕಿದ್ದನ್ನು ತೋರಿಸುವ ತಾಣಗಳಿಗಾಗಿ ಮಾಡಿದ 2021ರ ಮಧ್ಯವರ್ತಿ ನಿಯಮಗಳು ಇಂಥ ಚಿತ್ರದ ಬಗ್ಗೆ ಸಂತ್ರಸ್ತರು ಅಥವಾ ಅವರ ಪರವಾಗಿ ಬೇರೆಯವರು ದೂರಿದಾಗ 24 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕೆಂದು ತಾಣಗಳಿಗೆ ಹೇಳಿದವು. ವಕೀಲೆ ಮಾಡಿಸಿದ ಮೊದಲ ಕೆಲಸ ಸ್ಕ್ರೀನ್‌ಶಾಟ್, ಲಿಂಕ್, ಸಮಯ, ಖಾತೆಯ ಹೆಸರು ಇವುಗಳನ್ನು ಕಾಪಿಟ್ಟುಕೊಳ್ಳುವುದು. ಕೋಪದಲ್ಲಿ ಮೊದಲು ಅಳಿಸಿಬಿಟ್ಟರೆ ಸಾಕ್ಷ್ಯವೂ ಹೋಗುತ್ತದೆ. ಆಮೇಲೆ ತಾಣಕ್ಕೆ ದೂರು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು, ವಿಭಾಗದ ಸೈಬರ್ ಠಾಣೆಗೆ ಭೇಟಿ. ಚಿತ್ರ ಇಳಿಯಿತು, ಆ ಗುಂಪು ಮುಚ್ಚಿತು. ಮುಂದಿನದು ಆಕೆಯ ಖಾಸಗಿ ವಿಷಯ, ಇಲ್ಲಿ ಬರೆಯುವುದಿಲ್ಲ.

ಮತ್ತೆ ಮಹಡಿಯ ಮೇಲೆ

ಈ ಘಟನೆಯ ನಂತರ ಹಳೆಯ ಬಳಗ ಬಸವನಗುಡಿಯ ಮಹಡಿಯಲ್ಲಿ ಸೇರಿತು. ನಿಷೇಧವೇ ಸರಿಯಾಗಿತ್ತೆಂದು ಇದರಿಂದ ಸಾಬೀತಾಯಿತು ಎಂದು ಮೇಷ್ಟ್ರು ಹೇಳುತ್ತಾರೆಂದು ಎಲ್ಲರೂ ಎಣಿಸಿದ್ದರು. ಅವರು ಹಾಗೆ ಹೇಳಲಿಲ್ಲ. "ನಾವು ಬಾಗಿಲು ಹಾಕಿದ್ದರಿಂದ ಮಕ್ಕಳು ಬೀದಿಗೆ ಹೋದರು" ಎಂದರು.

ವಕೀಲೆ ಕಾನೂನಿನ ಇನ್ನೊಂದು ಮುಖವನ್ನೂ ವಿವರಿಸಿದರು. ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಯ ಹಿತಕ್ಕಾಗಿ ಇರುವ ಬರಹಕ್ಕೂ ಚಿತ್ರಕ್ಕೂ ಕಾಯ್ದೆಯಲ್ಲೇ ವಿನಾಯಿತಿ ಇದೆ. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಣ್ಣ ತುಣುಕನ್ನು ಹಿಡಿದು ಬೇಗ ಕೆಡುವ ಮನಸ್ಸಿನವರ ಮೇಲೆ ಏನು ಪರಿಣಾಮವಾದೀತೆಂದು ಅಳೆಯುವ 1868ರ ಇಂಗ್ಲಿಷ್ ಅಳತೆಗೋಲನ್ನು ಬಿಟ್ಟು, ಇಂದಿನ ಸಮುದಾಯದ ಮಾನದಂಡದಿಂದ, ಸಂದರ್ಭ ಸಹಿತ ನೋಡಬೇಕೆಂದಿತು. ಅಪೂರ್ವ ಅರೋರಾ ಪ್ರಕರಣದಲ್ಲಿ, 2024ರ ಮಾರ್ಚಿನಲ್ಲಿ, ಒರಟು ಮಾತು ಅಷ್ಟಕ್ಕೇ ಅಶ್ಲೀಲವಾಗುವುದಿಲ್ಲ ಎಂದಿತು. ಅಡ್ಮಿನ್‌ಗಳ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ ಭಯ: ಯಾರೋ ಹಾಕಿದ್ದಕ್ಕೆ ತಾವು ಜೈಲಿಗೆ ಹೋಗಬೇಕೇ? ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಸದಸ್ಯನ ಪೋಸ್ಟಿಗೆ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೇವಲ ಅಡ್ಮಿನ್ ಆದ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಹೇಳಿವೆ. ಈ ಮಾತು ಕೇಳಿ ಮಹಡಿಯಲ್ಲಿ ನಿಟ್ಟುಸಿರು ಕೇಳಿಸಿತು. ಕಾನೂನು ಬಿಟ್ಟರೂ ನಾವು ಬಿಡಬಾರದ ಹೊಣೆ ಒಂದಿದೆ ಎಂದು ಉಪಸಂಪಾದಕಿ ತಕ್ಷಣ ಹೇಳಿದರು. ನಾನು ಪೂರ್ತಿಯಾಗಿ ಅವರ ಜೊತೆಗಿದ್ದೇನೆ.

ನಂತರ ಆದದ್ದು ಹೀಗೆ. ವಯಸ್ಕರ ಬರಹಕ್ಕೆ ಪ್ರತ್ಯೇಕ ಗುಂಪು. ಮನವಿ ಕಳಿಸಿ, ಅಡ್ಮಿನ್ ಒಪ್ಪಿದ ಮೇಲೆ ಮಾತ್ರ ಪ್ರವೇಶ. ಅಕ್ಷರ ಮಾತ್ರ; ಫೋಟೋ, ವಿಡಿಯೋ ಹಾಕುವ ಸೌಲಭ್ಯವನ್ನು ಸದಸ್ಯರಿಗೆ ತೆಗೆದೇಬಿಟ್ಟರು. ಟೆಲಿಗ್ರಾಂನಲ್ಲಿ ಇದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಸದಸ್ಯರ ಪಟ್ಟಿ ಬೇರೆಯವರಿಗೆ ಕಾಣದಂತೆ ಮರೆಮಾಡಿದರು, ಸಂದೇಶ ಮುಂದೆ ಕಳಿಸದಂತೆ ತಡೆದರು. ಇನ್ನೊಂದು ಮೊಬೈಲಿನಿಂದ ಪರದೆಯ ಫೋಟೋ ತೆಗೆಯುವವನನ್ನು ಇದು ತಡೆಯದು ಎಂಬುದನ್ನು ಸ್ವಾಗತ ಸಂದೇಶದಲ್ಲೇ ಬರೆದರು. ಮೊದಲ ಸಾಲಿನಲ್ಲಿ ಕಥೆಯೊಳಗೆ ಏನಿದೆ ಎಂಬ ಸೂಚನೆ ಇರಬೇಕು. ಹದಿನೆಂಟರ ಕೆಳಗಿನ ಪಾತ್ರವನ್ನು ಕಾಮದ ಕಣ್ಣಿನಿಂದ ಚಿತ್ರಿಸುವಂತಿಲ್ಲ. ಗುರುತು ಹತ್ತುವ ನಿಜವ್ಯಕ್ತಿ ಬರುವಂತಿಲ್ಲ, ಹೆಸರು ಬದಲಿಸಿದ್ದೇನೆ ಎಂಬ ಸಬೂಬು ನಡೆಯುವುದಿಲ್ಲ. ಕೇಳದೆ ಖಾಸಗಿ ಸಂದೇಶ ಕಳಿಸಿ ಒಬ್ಬ ಲೇಖಕಿಯನ್ನು ಕಾಡಿದರೆ ಒಂದೇ ದೂರಿಗೆ ಎರಡೂ ಗುಂಪುಗಳಿಂದ ಹೊರಕ್ಕೆ. ದೂರು ನೋಡುವವರು ಇಬ್ಬರು ಹೆಂಗಸರು. ಅದಕ್ಕಾಗಿ ನರ್ಸ್ ಕೂಡ ಅಡ್ಮಿನ್ ಆದರು.

ಹಳೆಯ ಖಾಸಗಿ ಸಂದೇಶಗಳ ದೂರು ಮೊದಲ ದಿನವೇ ಬಂತು. ಕಳಿಸಿದವನು ಎಲ್ಲರಿಗೂ ಚೆನ್ನಾಗಿ ಗೊತ್ತಿದ್ದ, ಕಥೆಯ ವಿರುದ್ಧ ಉದ್ದುದ್ದ ಬರೆದಿದ್ದ ಸದಸ್ಯ.

ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಕರಡು ತಿದ್ದುವ ಯುವಕ ತಂದ ನಿಯಮ. ನೋಡುವವರು ಇಲ್ಲದ ಹೊತ್ತಿನಲ್ಲಿ ಗುಂಪು ಮುಚ್ಚಿರಬೇಕು ಎಂದ. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಯಾರೂ ಏನನ್ನೂ ಹಾಕಲಾಗದು, ಓದಬಹುದು ಅಷ್ಟೆ. ಹಗಲಿನಲ್ಲಿ ಇಬ್ಬರಿಗೆ ಸರದಿ. ಯುಗಾದಿಗೆ, ದಸರೆಗೆ ಅಡ್ಮಿನ್‌ಗಳು ಊರಿಗೆ ಹೋದರೆ ಆ ದಿನಗಳಲ್ಲೂ ಬೀಗ. ವಯಸ್ಕರ ಬರಹ ರಾತ್ರಿಯಲ್ಲೇ ಅಲ್ಲವೇ ಹುಟ್ಟುವುದು ಎಂದು ಕೆಲವರು ಗೊಣಗಿದರು. ಬರೆದಿಟ್ಟುಕೊಳ್ಳಿ, ಬೆಳಗ್ಗೆ ಹಾಕಿ ಎಂಬ ಉತ್ತರ ಬಂತು. ಸದಸ್ಯರ ಸಂಖ್ಯೆಗೂ ಇದೇ ಲೆಕ್ಕ: ಇಬ್ಬರು ನಿಜವಾಗಿ ಓದಿ ನಿಭಾಯಿಸಬಲ್ಲಷ್ಟು, ಅಂದರೆ ನೂರೈವತ್ತು. ಎಷ್ಟು ಕಾಯಬಲ್ಲೆವೋ ಅಷ್ಟೇ ತೆರೆಯುವುದು. ಲೈಂಗಿಕ ವಿಷಯಕ್ಕೆ ಜಾಗ ಕೊಡುವ ಯಾವ ಬಳಗವೂ ಮೊದಲು ಮಾಡಬೇಕಾದ ಲೆಕ್ಕ ಇದೆಂದು ನಾನು ನಂಬುತ್ತೇನೆ. ಈ ಲೆಕ್ಕ ಹಾಕಲು ಆಗದವರು ಜಾಗ ಕೊಡದಿರುವುದೇ ಲೇಸು, ಆದರೆ ಅದಕ್ಕೆ ಸಂಸ್ಕೃತಿಯ ಹೆಸರು ಹೇಳದೆ, ನಮ್ಮ ಬಳಿ ಜನ ಇಲ್ಲ ಎಂದು ನೇರವಾಗಿ ಹೇಳಬೇಕು.

ವಯಸ್ಸಿನ ಪ್ರಶ್ನೆ

ಇನ್ನೂ ಇತ್ಯರ್ಥವಾಗದ ಒಂದು ವಿಷಯ ಉಳಿದಿದೆ. ಹದಿನೆಂಟು ತುಂಬಿದೆ ಎಂದು ತಿಳಿಯುವುದು ಹೇಗೆ? ಆಧಾರ್ ಪ್ರತಿ ಕೇಳೋಣ ಎಂದರು ಎಂಜಿನಿಯರ್. ನೂರೈವತ್ತು ಜನರ ಗುರುತಿನ ಚೀಟಿಯ ಪಕ್ಕದಲ್ಲೇ ಅವರು ಓದುವ ಶೃಂಗಾರ ಕಥೆಗಳ ಗುಂಪಿನ ಹೆಸರು ಇರುವ ಕಡತ ಯಾರದೋ ಲ್ಯಾಪ್‌ಟಾಪಿನಲ್ಲಿ ಬಿದ್ದಿರುವುದು ಎಷ್ಟು ಅಪಾಯ ಎಂದು ವಕೀಲೆ ವಿರೋಧಿಸಿದರು. ಅವರ ಮಾತೇ ಸರಿ. ಕೊನೆಗೆ, ಅಡ್ಮಿನ್ ಒಬ್ಬರು ಫೋನಿನಲ್ಲಿ ಮಾತನಾಡಿ ಒಳಗೆ ಬಿಡುವುದೆಂದಾಯಿತು.

ಅದರಿಂದ ಹೊರಗುಳಿದವರು ಯಾರೆಂದು ನನಗೆ ಆಮೇಲೆ ತಿಳಿಯಿತು. ಕಲಬುರಗಿ ಕಡೆಯ ಒಬ್ಬ ಯುವಕ, ಗುಪ್ತನಾಮದಲ್ಲಿ ಬರೆಯುವವನು, ಗಂಡಸರಿಬ್ಬರ ಪ್ರೀತಿಯ ಕಥೆಗಳನ್ನು ಬರೆದಿಟ್ಟಿದ್ದಾನೆ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿದೆ. ಅವನ ಮನೆಯವರಿಗೆ ಆ ತೀರ್ಪು ತಲುಪಿಲ್ಲ. ಫೋನಿನಲ್ಲಿ ತನ್ನ ದನಿ ಕೇಳಿಸುವುದಕ್ಕೂ ಅವನು ಹೆದರುತ್ತಾನೆ. ಇಂಥವರಿಗಾಗಿಯೇ ಈ ಜಾಗ ಬೇಕಿತ್ತು. ಫೋನಿನ ನಿಯಮವನ್ನು ಹಾಗೆಯೇ ಇಟ್ಟುಕೊಂಡರೆ ಬಳಗ ತಾನು ಕಾಯಬೇಕಾದವರನ್ನೇ ಬಾಗಿಲಲ್ಲಿ ನಿಲ್ಲಿಸಿದಂತಾಗುತ್ತದೆ. ಪರಿಚಯದ ಇಬ್ಬರು ಸದಸ್ಯರು ವಯಸ್ಸಿಗೆ ಜಾಮೀನು ನಿಂತರೆ ಫೋನ್ ಬೇಡ, ಹೆಸರು ಎಲ್ಲೂ ಬರೆದಿಡಬೇಡಿ ಎಂದು ನಾನು ಬರೆದುಕೊಟ್ಟಿದ್ದೇನೆ. ನರ್ಸ್ ಒಪ್ಪಿದ್ದಾರೆ, ಉಪಸಂಪಾದಕಿಯೂ ಒಪ್ಪಿದ್ದಾರೆ. ಎಂಜಿನಿಯರ್ ಒಪ್ಪಿಲ್ಲ, ಜಾಮೀನು ನಿಂತವರು ಸುಳ್ಳು ಹೇಳಿದರೆ ಏನು ಮಾಡುವಿರಿ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸುಳ್ಳು ಹೇಳಿದರೆ ಮೂವರೂ ಹೊರಕ್ಕೆ ಎಂಬ ಷರತ್ತನ್ನು ಮೇಷ್ಟ್ರು ಸೇರಿಸಿದ್ದಾರೆ. ಮುಂದಿನ ತಿಂಗಳ ಸಭೆಯಲ್ಲಿ ಇದು ಮತಕ್ಕೆ ಬರುತ್ತದೆ.